ಅಜ್ಜಿಗೆ ಹೇಳಬೇಕಾದದ್ದು

ಹೊಸ ಷೂ ಹೆಣದ ಕಾಲಿಗೆ ಹತ್ತಲಿಲ್ಲ. ಷೂ ಅಂಗಡಿ ಮಾಲೀಕರು ಮಂಡಿಯೂರಿ ಮತ್ತೊಮ್ಮೆ ತಳ್ಳಿ ನೋಡಿದರು.

"ಇವರ ನಂಬರ್ ಎಷ್ಟಮ್ಮ?"

"ನನಗೇನು ಗೊತ್ತು?" ಎಂದಳು ಸತ್ತವನ ಹೆಂಡತಿ. "ನನ್ನ ಹತ್ರ ಏನು ಹೇಳ್ತಿದ್ರು ಅಂತ ಇದನ್ನ ಹೇಳ್ತಾರೆ?"

"ಮೂವತ್ತು ವರ್ಷ ನಮ್ಮ ಅಂಗಡೀಲಿದ್ರು. ಗಿರಾಕಿ ಕಾಲು ನೋಡಿದ್ರೆ ಸಾಕು, ಸರಿಯಾದ ಡಬ್ಬಾನೇ ತಂದಿಡ್ತಿದ್ರು. ಒಂದು ಮಾತೂ ಕೇಳ್ತಿರಲಿಲ್ಲ. ಬಂಗಾರದಂಥ ಮನುಷ್ಯ."

"ಅಂಗಡೀಲಿ ಬಂಗಾರ. ಮನೇಲಿ ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೆ ಅನ್ನೋ ಥರ ಇರ್ತಿದ್ರು. ನನ್ನ ಹೆಸರು ಹಿಡಿದು ಒಂದು ದಿನಾನೂ ಕರೀಲಿಲ್ಲ. ನಾನು ಅದೇನು ತಪ್ಪು ಮಾಡಿದ್ನೋ, ಅದನ್ನಾದ್ರೂ ಹೇಳಿ ಹೋಗಬಾರದಿತ್ತಾ?"

ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು. ಗೋಡೆಗೆ ಒರಗಿ ನಿಂತಿದ್ದ ಏಳು ವರ್ಷದ ಮೊಮ್ಮಗಳಿಗೆ ಉತ್ತರ ಗೊತ್ತಿತ್ತು.

*

ಹೋದ ತಿಂಗಳು ಒಂದು ಮಧ್ಯಾಹ್ನ ತಾತನ ಮುಂದೆ ಅವಳ ಮಾತು ಸಿಕ್ಕಿಹಾಕಿಕೊಂಡಿತ್ತು. "ನಂಗೆ ಬ... ಬ... ಬ..." ಕಣ್ಣು ಮುಚ್ಚಿತು, ಕತ್ತು ಬಿಗಿಯಿತು. ಇಂಥ ಹೊತ್ತಿನಲ್ಲಿ ಮನೆಯವರೆಲ್ಲ ಬುದ್ಧಿ ಹೇಳಲು ಮೇಲೆ ಬೀಳುತ್ತಿದ್ದರು. ತಾತ ಸುಮ್ಮನೆ ಕಾದ. ಕೊನೆಗೆ "ಬಣ್ಣದ ಪೆನ್ಸಿಲ್ ಬೇಕು" ಎಂಬುದು ತಾನಾಗಿ ಬಂತು.

"ನ-ನ-ನನಗೂ ಹೀಗೇ," ಎಂದ ತಾತ.

ಬರದ ಮಾತು ಬಿಟ್ಟು ಬೇರೆ ಮಾತು ಹಿಡಿದು, ಅದೂ ಬರದಿದ್ದರೆ ಬಾಯಿಯನ್ನೇ ಮುಚ್ಚಿಕೊಂಡು, ಆತ ಜೀವಮಾನವಿಡೀ ಯಾರಿಗೂ ತಿಳಿಯದಂತೆ ಬದುಕಿದ್ದ. ಹೆಂಡತಿಯ ಹೆಸರೂ ಆ ಬರದ ಮಾತುಗಳಲ್ಲೊಂದು.

"ಅ-ಅಜ್ಜಿ ನಗ್ತಾಳೇನೋ ಅಂತ ಹೆದರಿ ಹೆದರಿ ವಯಸ್ಸೇ ಕಳೆದುಹೋಯ್ತು. ನಾ-ನಾನು ಹೇಳದೆ ಹೋದ್ರೆ ನೀನು ಹೇಳು. ಅವಳ ಮೇಲೆ ಸಿಟ್ಟಿರಲಿಲ್ಲ ಅಂತ. ಮಾತು ತಡವರಿಸಿದ್ರೂ ಪರವಾಗಿಲ್ಲ, ಪೂರ್ತಿ ಹೇಳಿಬಿಡು."

ಅವಳು ಆಗಲಿ ಎಂದು ತಲೆಯಾಡಿಸಿದ್ದಳು.

*

"ಅಜ್ಜಿ," ಎಂದು ಮೊಮ್ಮಗಳು ಹತ್ತಿರ ಬಂದಳು. "ತಾ... ತಾ... ತಾ..."

ನೆರೆದವರೆಲ್ಲ ಅವಳತ್ತ ತಿರುಗಿದರು. ಯಾರೋ ಮುಜುಗರದಿಂದ ತಲೆ ತಗ್ಗಿಸಿದರು. ತಾಯಿ ಓಡಿ ಬಂದಳು. "ನಿಧಾನ ಪುಟ್ಟಿ, ಉಸಿರು ತಗೋ. ಎಲ್ಲರ ಮುಂದೆ ಚೆನ್ನಾಗಿ ಹೇಳಬೇಕು."

ಅಜ್ಜಿ ಮಗುವಿನ ಕೈ ಹಿಡಿದಳು. "ತಾತ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ, ಕಂದಾ?"

ಮಗು ಬಾಯಿ ತೆರೆಯಿತು. ಮಾತು ಹೊರಡಲಿಲ್ಲ. ಸುತ್ತಲಿನ ಮುಖಗಳನ್ನೆಲ್ಲ ಒಮ್ಮೆ ನೋಡಿ, ಬರುವ ಮಾತೊಂದನ್ನು ಹುಡುಕಿಕೊಂಡಿತು.

"ಏನೂ ಇಲ್ಲ."

"ನೋಡಿದ್ರಾ, ಎಷ್ಟು ಸಲೀಸಾಗಿ ಹೇಳಿದಳು," ಎಂದು ತಾಯಿ ಅವಳ ಕೆನ್ನೆಗೆ ಮುತ್ತಿಟ್ಟಳು.

ಅಜ್ಜಿ ಕೈ ಬಿಟ್ಟಳು. "ನನಗೆ ಗೊತ್ತಿತ್ತು," ಎಂದು ಗಂಡನ ಮುಖದ ಮೇಲೆ ಬಟ್ಟೆ ಎಳೆದಳು.