ಬೈರಯ್ಯ ಹಾಕಿದ ಗಂಟು

ದುದ್ದದ ಹತ್ತಿರ ನಮ್ಮ ಮನೆಯ ಹಿಂದಿನ ಬಯಲಲ್ಲಿ ಹುಲ್ಲು ಕೊಯ್ಯುವ ಮುನ್ನಾದಿನ ಬೈರಯ್ಯ ಒಂದು ಸುತ್ತು ನಡೆದು ಬರುತ್ತಾನೆ. ನೆಲದ ಮೇಲೆ ಹಕ್ಕಿಗೂಡು ಕಂಡರೆ ಸುತ್ತಲಿನ ಹುಲ್ಲಿನ ತುದಿಗಳನ್ನು ಸೇರಿಸಿ ಗಂಟು ಹಾಕುತ್ತಾನೆ. ಗಂಟು ಕಂಡಲ್ಲಿ ಕೊಯ್ಯುವವರು ಬಳಸಿ ಹೋಗಬೇಕು. ಈಗ ಕುಡುಗೋಲು ಹೋಗಿ ಅವನ ಮಗ ಮನೋಹರನ ಕೈಗೆ ಮಿಷನ್ ಬಂದಿದೆ, ಗಂಟಿನ ಪದ್ಧತಿ ಮಾತ್ರ ಹಾಗೇ ಇದೆ.

ಈ ಸಲ ಬಂದವನೇ, "ಮೇಷ್ಟ್ರೇ, ಹುಲ್ಲುಗೂಬೆ ಮರಿ ಮಾಡೈತೆ. ನಾಕವೆ. ಗಂಟಾಕಿವ್ನಿ, ವಸಿ ನೋಡ್ಕಂಬನ್ನಿ," ಅಂದ.

ಗೂಬೆ ಅಂದಿದ್ದೇ ನನ್ನ ಕಣ್ಣು ಒಳಕೋಣೆಯ ಕಡೆ ಹೋಯಿತು. ಮಗಳು ಸ್ಪಂದನಾ ಚೊಚ್ಚಲ ಹೆರಿಗೆಗೆ ಬಂದು ಮನೆಯಲ್ಲಿದ್ದಳು. ಇಪ್ಪತ್ತೆರಡು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಕಲಿಸಿದ ಮಹಾಶಯ ನಾನು. ಗೂಬೆ ರೈತನ ಮಿತ್ರ ಅಂತ ಬೋರ್ಡಿನ ಮೇಲೆ ಬರೆದವನು. ಆ ವಿಜ್ಞಾನವೆಲ್ಲ ಊರವರ ಮಕ್ಕಳಿಗೆ. ನನ್ನ ಮಗಳ ವಿಷಯಕ್ಕೆ ಬಂದಾಗ ಗೂಬೆ ಅಪಶಕುನವೇ. ಗಂಟು ತೆಗಿ ಅಂತ ಬೈರಯ್ಯನಿಗೆ ಹೇಳಲು ನಾಚಿಕೆಯಾಯಿತು.

ಮಾರನೇ ದಿನ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಹೋಗಿ ನಾನೇ ಬಿಚ್ಚಿದೆ. ಹುಲ್ಲಿನೊಳಗಿಂದ ಬುಸ್ಸೆಂದು ಸದ್ದು ಬಂತು. ಬಗ್ಗಿ ನೋಡಲಿಲ್ಲ. ಹುಲ್ಲನ್ನು ಸವರಿ ನೆಟ್ಟಗೆ ಮಾಡಿ ಬಂದೆ. ಕೊಲ್ಲುವ ಕೆಲಸ ನನ್ನದಲ್ಲ ನೋಡಿ, ನಾನು ಬರೀ ಗಂಟು ಬಿಚ್ಚಿದವನು.

ಹತ್ತು ಗಂಟೆಗೆ ಮಿಷನ್ ತಟಕ್ಕನೆ ನಿಂತಿತು. ನಾನು ಹೋಗುವಷ್ಟರಲ್ಲಿ ಮನೋಹರ ಅದನ್ನು ಬದಿಗಿಟ್ಟು ಕೂತುಬಿಟ್ಟಿದ್ದ. ಪ್ಯಾಂಟಿನ ಮೇಲೆ ರಕ್ತ, ಪುಕ್ಕ. ತಾಯಿಗೂಬೆ ಹಾಡಹಗಲಲ್ಲಿ ನಮ್ಮ ತಲೆಯ ಮೇಲೇ ಸುತ್ತುತ್ತಿತ್ತು.

"ಗಂಟಾಕಿರ್ನಿಲ್ವೇನಪ್ಪಾ?" ಅಂತ ಅಪ್ಪನನ್ನು ಕೇಳಿದ.

"ಆಕಿದ್ನಲ್ಲ ಮಗ." ಬೈರಯ್ಯ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ಬುಡಗಳನ್ನು ತಡವಿದ. ಆಮೇಲೆ ದನಿ ಇಳಿಯಿತು. "ಆಕಿದ್ದೆ ಅಂದ್ಕಂಡೆ. ಇನ್ನೆಲ್ಲೋ ಆಕ್ಬುಟ್ನೇನೋ. ಕಣ್ಣೂ ಮಂಜು, ತಲೇನೂ ಮಂಜು."

ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಮನೋಹರನೂ ನನ್ನ ಹಳೇ ವಿದ್ಯಾರ್ಥಿ, ಅವನೆದುರು ಹೇಗೆ ಹೇಳಲಿ? ಹೇಡಿ ನಾನು, ಮನೆಯ ಕಡೆ ತಿರುಗಿದೆ.

ಮುಂದಿನ ವಾರ ಸ್ಪಂದನಾಗೆ ಸುಸೂತ್ರವಾಗಿ ಹೆಣ್ಣುಮಗು ಆಯಿತು. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದ ಬೈರಯ್ಯ, ಕೂತ್ಕೋ ಅಂದರೂ ಕೂರಲಿಲ್ಲ. ಮಗುವಿನ ಹತ್ತಿರವೂ ಬರಲಿಲ್ಲ.

"ನನ್ನ ಕೈ ಪಾಪದ ಕೈ ಮೇಷ್ಟ್ರೇ," ಅಂದ. "ಮುಂದಿನ ವರ್ಸದಿಂದ ಗಂಟು ನೀವೇ ಆಕಿ. ನಂಬೋಕಾಗೋದು ನಿಮ್ಮನ್ನೇಯ."

ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ನಾನು ಹೂಂ ಅಂದೆ.