ಖಾರ ತೊಳೆದ ಪಾಲು

ಬಸ್ತ್ಯಾಂವ ಏಳು ವರ್ಷದ ಮೇಲೆ ಊರಿಗೆ ಬಂದಾಗ ಕೇರಿಯ ನಾಯಿಗಳೂ ಅವನ ಗುರುತು ಹಿಡಿಯಲಿಲ್ಲ. ಹಿಡಿಯುವುದಾದರೂ ಹೇಗೆ? ಅವನು ಹೋದಾಗ ಇದ್ದ ನಾಯಿಗಳೆಲ್ಲ ಸತ್ತು, ಅವುಗಳ ಮೊಮ್ಮಕ್ಕಳು ಬೊಗಳುತ್ತಿದ್ದವು. ಗುರುತು ಹಿಡಿದವಳು ಹೆಂಡತಿ ಕ್ರಿಸ್ತಿನಾ ಒಬ್ಬಳೇ. ಬಸಲಿಂಗಯ್ಯನವರ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವಳು ದೂರದಿಂದ ಆ ನಡಿಗೆ ನೋಡಿ ಎದ್ದು ಬದುವಿನ ಮೇಲೆ ನಿಂತಳು. ಕೈಯಲ್ಲಿದ್ದ ಕಳೆಯನ್ನು ಎಸೆಯಬೇಕೆಂಬುದೂ ಅವಳಿಗೆ ನೆನಪಾಗಲಿಲ್ಲ.

ಹಳಿಯಾಳದಿಂದ ಎರಡು ಹರದಾರಿ ದೂರದ ಸಿದ್ದಿಗಳ ಕೇರಿ ಅವರದು, ಎಂದೋ ಆಫ್ರಿಕಾದಿಂದ ಬಂದವರ ಸಂತತಿ. ಮದುವೆಯಾದ ಮೂರೇ ವರ್ಷಕ್ಕೆ, ತೊಟ್ಟಿಲು ಕಟ್ಟುವ ಯೋಗ ಬರುವ ಮೊದಲೇ, ಅವನು ಗಡಿ ದಾಟಿ ಗೋವೆಯ ಮುರಗಾಂವ ಬಂದರಿಗೆ ಹೋಗಿ ಹಡಗು ಹತ್ತಿದ್ದ. ಅವನು ಹೋದ ವರ್ಷವೇ ಗೋವೆಯ ಗಡಿ ಮುಚ್ಚಿತು. ಆಮೇಲೆ ಬಂದದ್ದು ಮುಂಬಯಿಯ ಮೇಲಿಂದ ನಾಲ್ಕು ಕಾಗದ, ಅಷ್ಟೇ. ಇದ್ದೂ ಇಲ್ಲದ ಗಂಡನಿಗಾಗಿ ಕ್ರಿಸ್ತಿನಾ ದಿನಾ ಸಂಜೆ ಜಪಮಾಲೆ ಹಿಡಿದು ಕೂತಳು. ಪೋರ್ಚುಗೀಸರು ಹೋಗಿ ಗೋವೆ ನಮ್ಮದಾದ ಮರುವರ್ಷ, ಅರವತ್ತೆರಡರ ಶ್ರಾವಣದಲ್ಲಿ ಅವನು ಬಂದ. ದೇವರು ಕೇಳಿಸಿಕೊಂಡ ಎಂದುಕೊಂಡಳು ಅವಳು.

ಬಂದವನು ಒಳ್ಳೆಯವನಾಗಿಯೇ ಇದ್ದ. ಮಾಡು ಹೊದಿಸಿದ, ಬಾವಿಯ ಕಟ್ಟೆ ಕಟ್ಟಿದ. ಆದರೆ ಕೂತಲ್ಲಿ ಕೂತು ಎಲ್ಲೋ ಹೋಗಿಬಿಡುತ್ತಿದ್ದ. ಹಡಗಿನ ಅಡುಗೆಮನೆಯಲ್ಲಿ ಕೈಯಾಳಾಗಿ ಸೇರಿದವನು, ಆಮೇಲೆ ಜಮೈಕಾ ಎಂಬ ದ್ವೀಪದಲ್ಲಿ ಇಳಿದು ಬಂದರದ ಒಂದು ಖಾನಾವಳಿಯಲ್ಲಿ ಕೆಲವು ವರ್ಷ ದುಡಿದಿದ್ದ. ಮಾತು ಎಲ್ಲಿಂದ ಶುರುವಾದರೂ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು.

"ಅಲ್ಲಿ ಮಂದಿ ನಮ್ಮಂಗ ಅದಾರ, ಕ್ರಿಸ್ತಿನಾ," ಎಂದಿದ್ದ ಒಮ್ಮೆ. "ಅದ ಬಣ್ಣ, ಅದ ಕೂದಲ. ಬಂದರದಾಗ ಇಳದು ಪ್ಯಾಟಿ ತುಂಬ ನಡದೆ, ಒಬ್ಬರೂ ನನ್ನ ತಿರಗಿ ನೋಡ್ಲಿಲ್ಲ. ಒಂದ ಮೂಲ್ಯಾಗ ನಿಂತು ಅತ್ತೆ."

ಹಳಿಯಾಳದ ಸಂತೆಗೆ ಹೋದರೆ ಇವತ್ತಿಗೂ ಹುಡುಗರು ಬೆನ್ನು ಹತ್ತುತ್ತಿದ್ದರು, ಕೂದಲು ಮುಟ್ಟಿ ಓಡುತ್ತಿದ್ದರು. ಹಾಗಾಗಿ ಅವನ ಮಾತು ಅವಳಿಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದದ್ದಕ್ಕೇ ಭಯವೂ ಆಯಿತು.

ನವೆಂಬರಿನಲ್ಲಿ ಹಡಗಿನ ಕಂಪನಿಯ ಕಾಗದ ಬಂತು. ಆ ದ್ವೀಪದ ಕಡೆ ಹೋಗುವ ಹಡಗಿಗೆ ಜನವರಿ ಐದಕ್ಕೆ ಮುರಗಾಂವದಲ್ಲಿ ಹಾಜರಾಗಬೇಕು. ಬಸ್ತ್ಯಾಂವ ಅದನ್ನು ಓದಿ, ಮಡಚಿ, ಶಿಲುಬೆಯ ಹಿಂದೆ ಸಿಕ್ಕಿಸಿದ. ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಅನ್ನಲಿಲ್ಲ. ದಾಂಡೇಲಿಯ ಅಂಬೇವಾಡಿಯಲ್ಲಿದ್ದ ಕ್ರಿಸ್ತಿನಾಳ ಅಣ್ಣ ಸಂತಾನ, ಅಲ್ಲಿಯ ಕಾಗದದ ಗಿರಣಿಯ ಕ್ಯಾಂಟೀನಿಗೆ ಅಡುಗೆಯವನು ಬೇಕಾಗಿದ್ದಾನೆ, ಬಂದರೆ ನಾಳೆಯೇ ಸೇರಿಸುತ್ತೇನೆ ಎಂದು ಹೇಳಿಕಳಿಸಿದ. ಅದಕ್ಕೂ ಅವನು, "ನೋಡೂಣು" ಎಂದ. 'ನೋಡೂಣು' ಎನ್ನುವ ಗಂಡಸಿಗಿಂತ 'ಇಲ್ಲ' ಎನ್ನುವವನೇ ವಾಸಿ. ಇಲ್ಲ ಎಂದವನ ಜೊತೆ ಜಗಳವನ್ನಾದರೂ ಆಡಬಹುದು.

ಕ್ರಿಸ್ತಿನಾ ಜಗಳ ಆಡಲಿಲ್ಲ. ಅವಳ ಲೆಕ್ಕ ಬೇರೆ ಇತ್ತು. ಅವನು ಆ ದ್ವೀಪದ ಬಗ್ಗೆ ಹೇಳುವಾಗ ಅತಿ ಹೆಚ್ಚು ಹೇಳುತ್ತಿದ್ದದ್ದು ಅಲ್ಲಿಯ ಹಂದಿ ಸುಡುವ ರೀತಿಯನ್ನು. ಇಡೀ ತೊಡೆಗೆ ಚರ್ಮ ಸಮೇತ ಮಸಾಲೆ ತಿಕ್ಕಿ, ಹಸಿ ಕಟ್ಟಿಗೆಯ ಮೇಲಿಟ್ಟು, ಮುಚ್ಚಿ, ಕೆಂಡದ ಹೊಗೆಯಲ್ಲೇ ಅರ್ಧ ದಿನ ಬೇಯಿಸುವುದು. ಅದನ್ನು ಹೇಳುವಾಗ ಅವನ ಮುಖವೇ ಬೇರೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಆ ಬೆಟ್ಟದ ಒಂದು ಕಲ್ಲನ್ನು ಅಂಗಳಕ್ಕೇ ತಂದು ಹಾಕಿದರೆ? ಅಲ್ಲಿ ಸಿಗುವುದು ಇಲ್ಲೇ ಸಿಕ್ಕರೆ ಅವನು ಯಾಕೆ ಹೋದಾನು? ಹಠ ಹಿಡಿದಳು.

ಮೊದಲ ಸಲ ಮಾಡಿದ್ದು ಕೇರಿಯಲ್ಲಿ ಬಂದ ಪಾಲಿನ ಮಾಂಸದಲ್ಲಿ. ಅವರಲ್ಲಿ ಯಾರು ಹಂದಿ ಕಡಿದರೂ ಪ್ರತಿ ಮನೆಗೂ ಒಂದೊಂದು ಎಲೆಯಲ್ಲಿ ಪಾಲು. ಪ್ರತಿ ಪಾಲಿನಲ್ಲೂ ಒಂದಿಷ್ಟು ಪಕ್ಕೆ, ಒಂದಿಷ್ಟು ಪಿತ್ತಕೋಶ ತೆಗೆದ ಯಕೃತ್ತು, ಒಂದಿಷ್ಟು ತೊಡೆ. ಆ ಚಿಕ್ಕ ಚೂರುಗಳು ಕೆಂಡದ ಮೇಲೆ ಒಣಗಿ ಕೊರಡಾದವು. "ಚಲೋ ಆಗೇತಿ," ಎಂದ ಬಸ್ತ್ಯಾಂವ, ಎರಡು ಚೊಂಬು ನೀರು ಕುಡಿದ. ಎರಡನೆಯ ಸಲ ಸಂತೆಯಿಂದ ದೊಡ್ಡ ತುಂಡು ತಂದಳು. ಉರಿ ಜೋರಾಗಿ ಹೊರಗೆ ಕರಕಲು, ಒಳಗೆ ಹಸಿ. ಆಗಲೂ, "ಚಲೋ ಆಗೇತಿ." ಆ ಮಾತು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಯೇಸು ಹುಟ್ಟಿದ ನಾತಾಳ ಹಬ್ಬಕ್ಕೆ ಕಡಿಯಲೆಂದು ಅವಳು ಎರಡು ವರ್ಷದಿಂದ ಒಂದು ಹಂದಿ ಸಾಕಿದ್ದಳು. ಕಡಿಯುವ ದಿನ, ತನಗೆ ಒಂದು ಹಿಂಗಾಲ ತೊಡೆ ಇಡಿಯಾಗಿ ಬೇಕು, ಉಳಿದದ್ದರಲ್ಲಿ ತಲೆಯಿಂದ ಬಾಲದವರೆಗೆ ತನ್ನ ಪಾಲೇ ಬೇಡ ಎಂದಳು. ಕೇರಿಯಲ್ಲಿ ಅದೊಂದು ಸುದ್ದಿಯೇ ಆಯಿತು.

"ಇಡೀ ತೊಡಿ ಒಂದ ಮನ್ಯಾಗ ತಿಂದದ್ದ ಯಾರರ ಕೇಳೇರೇನ?" ಎಂದಳು ಮುದುಕಿ ತುಳಸಾ. ಹಾಗೆನ್ನುತ್ತಲೇ ತನ್ನ ಎಲೆಗೆ ಕಾಲು ಕಿಲೋ ಜಾಸ್ತಿ ಬಂದದ್ದನ್ನು ಸೆರಗಿನಡಿ ಮುಚ್ಚಿಕೊಂಡಳು.

ಹುಳಿಗೆ ಕಂಚಿಕಾಯಿ ಬೇಕಾಗಿತ್ತು. ಆ ಸುತ್ತಿನಲ್ಲಿ ಕಂಚಿ ಗಿಡ ಇದ್ದದ್ದು ಅವಳು ಕೂಲಿಗೆ ಹೋಗುವ ಬಸಲಿಂಗಯ್ಯನವರ ಹಿತ್ತಲಲ್ಲಿ. ಅವರ ಹೆಂಡತಿ ಶಂಕ್ರವ್ವ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಧರಿಸಿ ಹೊರಗೆ ಬಂದಾಗ ಕ್ರಿಸ್ತಿನಾ ಅಂಗಳದಲ್ಲಿ ನಿಂತು ಕೇಳಿದಳು.

"ಹತ್ತ ಕಂಚಿಕಾಯಿ ಬೇಕಾಗಿದ್ದುವ್ರಿ, ಅವ್ವಾರ."

"ಹತ್ತ? ಉಪ್ಪಿನಕಾಯಿ ಹಾಕತೀಯೇನ?"

"ಅಲ್ರಿ. ನಮ್ಮ ಮನಿಯಾಂವ ಆ ದ್ವೀಪದಾಗ ತಿಂದು ಬಂದಾನ ನೋಡ್ರಿ, ಅದ..."

"ಸಾಕ, ಸಾಕ." ಶಂಕ್ರವ್ವ ಕೈ ಅಡ್ಡ ಹಿಡಿದಳು. "ನಾ ಕೇಳಿಲ್ಲ, ನೀ ಹೇಳಿಲ್ಲ. ಕೊರಳಾಗ ಲಿಂಗ ಕಟಗೊಂಡಾಕಿ ನಾನು." ಹನ್ನೆರಡು ಕಾಯಿ ಎಣಿಸಿ ಮೇಲಿನಿಂದಲೇ ಅವಳ ಸೆರಗಿಗೆ ಹಾಕಿದಳು. ಆಮೇಲೆ ದನಿ ತಗ್ಗಿಸಿ, "ನಿಲ್ತಾನೇನ ಅಂವ?" ಎಂದಳು.

"ಗೊತ್ತಿಲ್ರಿ."

ಸಿದ್ದಿ ಕೇರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಪರಸ್ಪರ 'ನೀ' ಎನ್ನುವವರು. ಗಂಡನ ಮುಂದೆ ಇಪ್ಪತ್ತು ವರ್ಷದಿಂದ 'ರೀ' ಅಂದೂ ಒಂದು ಮಾತು ಮನಬಿಚ್ಚಿ ಆಡದ ಶಂಕ್ರವ್ವನಿಗೆ ಅದರ ಮೇಲೆ ಮೊದಲಿನಿಂದಲೂ ಒಂದು ಸಣ್ಣ ಅಸೂಯೆ ಇತ್ತು. ಆದರೂ ಆ ದಿನ ಅವಳು ಮನಸ್ಸಿನಿಂದಲೇ, "ನಿಲ್ಲಲಿ ತಂಗಿ," ಎಂದಳು.

ಬೆಳ್ಳುಳ್ಳಿ, ಹಸಿ ಶುಂಠಿ, ಉಳ್ಳಾಗಡ್ಡಿ ತಪ್ಪಲು, ಸೂಜಿಮೆಣಸು, ಉಪ್ಪು, ಬೆಲ್ಲ. ಜೊತೆಗೆ ಬಸ್ತ್ಯಾಂವ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಆ ದ್ವೀಪದ ಕಾಳು. ನೋಡಲು ಕರಿಮೆಣಸಿಗಿಂತ ತುಸು ದಪ್ಪ. ಮೂಸಿದರೆ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮೂರೂ ಒಂದೇ ಕಾಳಿನಲ್ಲಿ. ಎರಡು ಸಲ ಕೆಡಿಸಿದ ಮೇಲೆ ಉಳಿದದ್ದು ಒಂದು ಮುಷ್ಟಿ. ಎಲ್ಲವನ್ನೂ ಅರೆದು, ತೊಡೆಗೆ ಚೂರಿಯಿಂದ ಆಳವಾಗಿ ಚುಚ್ಚಿ ಒಳಗೆ ತುಂಬಿ, ಮೇಲೆ ತಿಕ್ಕಿ, ಮಣ್ಣಿನ ಹರವಿಯಲ್ಲಿ ಎರಡು ದಿನ ಇಟ್ಟಳು.

ಆ ಕಾಳು ಬಿಡುವ ಮರದ ಹಸಿ ಕೊಂಬೆಯ ಮೇಲೆಯೇ ಮಾಂಸ ಇಡುತ್ತಾರೆ ಅಲ್ಲಿ, ರುಚಿ ಇರುವುದು ಆ ಹೊಗೆಯಲ್ಲಿ ಎಂದು ಅವನು ಹೇಳಿದ್ದ. ಆ ಮರವನ್ನು ಇಲ್ಲಿ ಎಲ್ಲಿಂದ ತರುವುದು? ಕ್ರಿಸ್ತಿನಾ ಮೂರು ದಿನ ಯೋಚಿಸಿ, ಕಾಡಿಗೆ ಹೋಗಿ ಕಾಡುದಾಲ್ಚಿನ್ನಿಯ ಹಸಿ ಕೊಂಬೆಗಳನ್ನು ತಂದಳು. ಅಕ್ಕ ಸಿಗದಿದ್ದರೆ ತಂಗಿಯಾದರೂ ಬರಲಿ ಎಂದು. ಮನೆಯ ಹಿಂದೆ ಮೊಣಕಾಲುದ್ದ ಗುಂಡಿ ತೋಡಿ, ಕೆಂಡ ಮಾಡಿ, ಅದರ ಮೇಲೆ ಕೊಂಬೆಗಳನ್ನು ಅಡ್ಡಡ್ಡ ಜೋಡಿಸಿ ತೊಡೆ ಇಟ್ಟಳು. ಮೇಲೆ ಬಾಳೆ ಎಲೆ, ಒದ್ದೆ ಗೋಣಿಚೀಲ, ಹಳೆಯ ತಗಡು. ನಾತಾಳದ ದಿನ ಬೆಳಿಗ್ಗೆ ಕೇರಿಯವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ತಿರುಗುತ್ತಿದ್ದರೆ ಅವಳು ಗುಂಡಿಯ ಪಕ್ಕ ಕೂತೇ ಇದ್ದಳು. ಉರಿ ಎದ್ದರೆ ನೀರು ಚಿಮುಕಿಸುವುದು, ಆಗಾಗ ಕಂಚಿರಸ ಬೆಲ್ಲ ಕದಡಿದ್ದನ್ನು ಮೇಲೆ ಸುರಿಯುವುದು. ಬಾಯಿಗೆ ಏನೂ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ವಾಸನೆ ಎದ್ದಿತು. ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಬಸ್ತ್ಯಾಂವ ಯಾರೋ ಕರೆದವರಂತೆ ಎದ್ದು ಹಿತ್ತಲಿಗೆ ಬಂದ. ತಗಡು ಸರಿಸಿ, ಕಣ್ಣು ಮುಚ್ಚಿ, ಹೊಗೆಯಲ್ಲಿ ಮುಖ ಇಟ್ಟು ನಿಂತ.

ಒಳಗೆ ಕೂತು ಬಡಿಸಿದಳು. ಚರ್ಮ ಹಪ್ಪಳದಂತೆ ಮುರಿಯಿತು, ಮಾಂಸ ಕೈ ತಾಗಿದರೆ ಎಳೆಯಾಗಿ ಬಂತು. ಮೊದಲ ತುತ್ತು ಬಾಯಿಗಿಟ್ಟ ಬಸ್ತ್ಯಾಂವ ಬಹಳ ಹೊತ್ತು ಅಗಿದ. ಚಲೋ ಆಗೇತಿ ಎನ್ನಲಿಲ್ಲ. ಅದರಿಂದಲೇ ಅವಳಿಗೆ ತಿಳಿಯಿತು, ಈ ಸಲ ಆಗಿದೆ.

ತಿನ್ನುತ್ತಾ ತಿನ್ನುತ್ತಾ ಅವನು ಬಾಳೆ ಎಲೆಯ ಒಂದು ಚೂರು ಹರಿದು ತಾಟಿನ ಪಕ್ಕ ಇಟ್ಟು, ಅದರ ಮೇಲೆ ಒಂದೊಂದೇ ತುಣುಕು ಇಡತೊಡಗಿದ. ಅದನ್ನು ನೋಡಿ ಕ್ರಿಸ್ತಿನಾಳ ಕಣ್ಣು ತುಂಬಿತು. ಇಗರ್ಜಿಗೆ ಹೋಗುವವರಿರಲಿ, ಮಸೀದಿಗೆ ಹೋಗುವವರಿರಲಿ, ಗುಡಿಗೆ ಹೋಗುವವರಿರಲಿ, ಸಿದ್ದಿಗಳ ಮನೆಯಲ್ಲಿ ಸತ್ತುಹೋದ ಹಿರಿಯರಿಗೆ ಒಂದು ಮೂಲೆ ಇದ್ದೇ ಇರುತ್ತದೆ. ಹಬ್ಬದ ದಿನ ಮನೆಯ ಗಂಡಸು ಅವರ ಪಾಲು ತೆಗೆದಿಡಬೇಕು. ಬಂದಾಗಿನಿಂದ ಬಸ್ತ್ಯಾಂವ ಅದನ್ನು ಒಮ್ಮೆಯೂ ಮಾಡಿರಲಿಲ್ಲ, ಅವಳೇ ಮಾಡುತ್ತಿದ್ದಳು. ಇಂದು ಅವನ ಕೈ ತಾನಾಗಿಯೇ ಹಿರಿಯರ ಪಾಲು ತೆಗೆಯುತ್ತಿದೆ. ಗಂಡ ಈಗ ಬಂದ, ಏಳು ವರ್ಷದ ಮೇಲೆ ಈಗ ಮನೆಗೆ ಬಂದ, ಎಂದುಕೊಂಡಳು. ಎದ್ದು ಮೂಲೆಯಲ್ಲಿ ದೀಪ ಹಚ್ಚಿ, ಎಲೆ ಎತ್ತಿಕೊಳ್ಳಲು ಬಗ್ಗಿದಳು.

ಬಗ್ಗಿದವಳು ಹಾಗೇ ನಿಂತಳು. ಬಸ್ತ್ಯಾಂವ ಒಂದು ತುಣುಕನ್ನು ಬಟ್ಟಲ ನೀರಿನಲ್ಲಿ ಅದ್ದಿ ಖಾರ ತೊಳೆಯುತ್ತಿದ್ದ. ತೊಳೆದು, ಉಗುರಿನಷ್ಟು ಸಣ್ಣಗೆ ಹರಿದು, ಬಾಯಿಂದ ಊದಿ ಆರಿಸಿ, ಎಲೆಯ ಮೇಲೆ ಇಡುತ್ತಿದ್ದ. ಅವಳ ನೆರಳು ಬಿದ್ದ ಮೇಲೆ ಅವನ ಕೈ ನಿಂತಿತು. ತಾನು ಏನು ಮಾಡುತ್ತಿದ್ದೇನೆ ಎಂದು ಅವನಿಗೂ ಆಗಲೇ ತಿಳಿದದ್ದು.

ಹಿರಿಯರಿಗೆ ಯಾರೂ ಖಾರ ತೊಳೆದು ಕೊಡುವುದಿಲ್ಲ.

ಕ್ರಿಸ್ತಿನಾ ಅಲ್ಲೇ ಕೂತಳು.

"ಎಷ್ಟ ವರ್ಷದ್ದು?" ಎಂದಳು.

ಅವನು ಸುಳ್ಳು ಹೇಳಲಿಲ್ಲ. "ನಾಕು."

"ಗಂಡೋ, ಹೆಣ್ಣೋ?"

"ಹೆಣ್ಣು."

"ಖಾರ ತಿನ್ನೂದಿಲ್ಲೇನ?"

"ಒಂಚೂರು ಹತ್ತಿದರೂ ಅಳತಾಳ," ಎಂದ ಬಸ್ತ್ಯಾಂವ. ಹಾಗೆನ್ನುವಾಗ ಅವನಿಗೆ ತಿಳಿಯದೆಯೇ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. ಬೇರೆ ಎಲ್ಲವನ್ನೂ ಅವಳು ತಡೆದುಕೊಂಡಾಳು, ಆ ನಗುವನ್ನು ತಡೆಯಲಾಗಲಿಲ್ಲ.

"ನಿನ್ನ ಮುಂದ ಹೇಳಿ ಹೋಗೂಣು ಅಂತನ ಬಂದೆ," ಎಂದ ಅವನು. "ಬಂದ ದಿನ ನೀ ಬದುವಿನ ಮ್ಯಾಲ ನಿಂತಿದ್ದಿ. ನನಗ ಬಾಯಿ ಬರ್ಲಿಲ್ಲ. ಆಮ್ಯಾಲೂ ಬರ್ಲಿಲ್ಲ."

"ಆ ಕೂಸಿನ ಅವ್ವಗ ನಾ ಒಬ್ಬಾಕಿ ಅದೇನಿ ಅಂತ ಗೊತ್ತೈತೇನ?"

"ಇಲ್ಲ. ಮದುವಿ ಆಗಿಲ್ಲ ಅಂತ ಹೇಳೇನಿ."

ಏಳು ವರ್ಷ ಅವಳು ಅವನ ಹೆಸರು ಹೇಳದೆ ಮಲಗಿದ ದಿನ ಒಂದೂ ಇರಲಿಲ್ಲ. ಸಮುದ್ರದಾಚೆ ಆ ಮನೆಯಲ್ಲಿ ಅವಳು ಸತ್ತೂ ಇರಲಿಲ್ಲ, ಹುಟ್ಟಿಯೇ ಇರಲಿಲ್ಲ. ಜೋರಾಗಿ ಅಳಬೇಕೆನ್ನಿಸಿತು, ಅಳು ಬರಲಿಲ್ಲ.

"ಕ್ರಿಸ್ತಿನಾ, ನೀ ಇರು ಅಂದರ ಇರ್ತೇನಿ. ನಾಳೆನ ಸಂತಾನನ ಕಡೆ ಹೋಗ್ತೇನಿ, ಗಿರಣಿ ಸೇರ್ತೇನಿ. ಶಿಲುಬಿ ಮುಟ್ಟಿ ಹೇಳ್ತೇನಿ. ಒಂದ ಮಾತ ಅನ್ನು."

ಅವನು ಇರುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಆ ಒಂದು ಮಾತಿಗಾಗಿಯೇ ಅವಳು ಕಾಡು ಅಲೆದದ್ದು, ಪಾಲು ಬಿಟ್ಟದ್ದು, ಬೆಳಗಿನಿಂದ ಹೊಗೆ ಕುಡಿದದ್ದು. ಈಗ ಆ ಮಾತು ಅವಳ ಬಾಯಲ್ಲೇ ಇತ್ತು, ಅಂದರೆ ಸಾಕು. ಆ ಕೂಸನ್ನು ದ್ವೇಷಿಸಿ ನೋಡಿದಳು. ಖಾರ ಹತ್ತಿದರೆ ಅಳುವ ಕೂಸಿನ ಮೇಲೆ ದ್ವೇಷ ನಿಲ್ಲಲಿಲ್ಲ. ಅವನನ್ನು ಇಟ್ಟುಕೊಂಡ ಬಾಳನ್ನೂ ನೆನೆದು ನೋಡಿದಳು. ಇನ್ನು ಇಪ್ಪತ್ತು ಮೂವತ್ತು ವರ್ಷ, ಪ್ರತಿ ಊಟಕ್ಕೂ, ಈ ಮನೆಯಲ್ಲಿ ಕೂತು ಅವನು ಯಾವುದೋ ಮೆತ್ತನೆಯ ತುಣುಕನ್ನು ಪಕ್ಕಕ್ಕೆ ಇಡದಂತೆ ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುವುದು, ಅದನ್ನು ಅವಳು ನೋಡುವುದು.

"ಹೋಗು," ಎಂದಳು.

"ಕ್ರಿಸ್ತಿನಾ..."

"ಹೋಗು. ಆದರ ಮದುವಿ ಆಗಿಲ್ಲ ಅನಬ್ಯಾಡ. ಆಗಿತ್ತು, ಹೆಂಡತಿ ಸತ್ತಳು ಅಂತ ಹೇಳು. ನನ್ನ ಹೆಸರ ಹೇಳು. ಸತ್ತೇನಿ ಅಂದರ ನಡೀತೈತಿ, ಇರ್ಲೇ ಇಲ್ಲ ಅನಬ್ಯಾಡ."

ಬಸ್ತ್ಯಾಂವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕ್ರಿಸ್ತಿನಾ ಅವನನ್ನು ಸಮಾಧಾನ ಮಾಡಲಿಲ್ಲ. ಬೆಳಗಿನಿಂದ ಉಪವಾಸ ಇದ್ದದ್ದು ಆಗ ನೆನಪಾಗಿ, ತಾಟು ಹತ್ತಿರ ಎಳೆದುಕೊಂಡು ಒಂದು ತುತ್ತು ಬಾಯಿಗಿಟ್ಟಳು. ಅಷ್ಟು ದಿನ ಒದ್ದಾಡಿ ಮಾಡಿದ್ದನ್ನು ಅವಳು ಇನ್ನೂ ರುಚಿ ನೋಡಿರಲಿಲ್ಲ. ಹೊಗೆ, ಹುಳಿ, ಖಾರ, ಬೆಲ್ಲ ಎಲ್ಲ ಸೇರಿ ಅಂಥ ರುಚಿಯನ್ನು ಅವಳು ಜನ್ಮದಲ್ಲಿ ತಿಂದಿರಲಿಲ್ಲ. ಇದನ್ನು ಉಂಡವನು ಅಲ್ಲಿ ನಿಂತದ್ದರಲ್ಲಿ ಏನು ಆಶ್ಚರ್ಯ ಎನ್ನಿಸಿತು, ಆಗ ಅವಳಿಗೆ ಅಳು ಬಂತು.