ಬೆನ್ನ ಮೇಲೆ ಹಾಕಿದ ಸಹಿ

ಮೊದಲ ಮೊಳೆ ಸೊಟ್ಟಗಾಯಿತು. ಅವಳು ಅದನ್ನು ಕಿತ್ತೆಸೆದು ಇನ್ನೊಂದನ್ನು ಅಡುಗೆಮನೆಯ ಗೋಡೆಗೆ ಹೊಡೆಯತೊಡಗಿದಳು. ಬಾಗಿಲಲ್ಲಿ ನಿಂತ ಮೈದುನ, ಪ್ರತಿ ಏಟೂ ತನ್ನ ತಲೆಗೇ ಬಿದ್ದ ಹಾಗೆ ಮುಖ ಕಿವುಚುತ್ತಿದ್ದ.

ಅವನು ಬಂದದ್ದು ತೀರಿಕೊಂಡ ಅಣ್ಣನ ಬೀರುವನ್ನು ಒಯ್ಯಲು. ಹಳೆಯ ಸಿನಿಮಾ ತಾರೆಯರು ಸಹಿ ಹಾಕಿದ ಫೋಟೋಗಳೆಂದರೆ ಅಣ್ಣ ತಮ್ಮ ಇಬ್ಬರಿಗೂ ಪ್ರಾಣ. ಬೆಳಕು ತಾಗಿದರೆ ಶಾಯಿ ಮಾಸುತ್ತದೆಂದು ಅವಳ ಗಂಡ ಎಲ್ಲವನ್ನೂ ಕಪ್ಪು ಕಾಗದದಲ್ಲಿ ಸುತ್ತಿ ಬೀಗ ಹಾಕಿಟ್ಟಿದ್ದ. ನೋಡಬೇಕೆಂದರೆ ಕಿಟಕಿ ಮುಚ್ಚಬೇಕು, ಕೈ ತೊಳೆಯಬೇಕು, ಉಸಿರು ಬಿಗಿಹಿಡಿಯಬೇಕು. ಹೆರಿಗೆ ವಾರ್ಡಿನಲ್ಲೂ ಇಷ್ಟು ಕಟ್ಟುನಿಟ್ಟು ಕಾಣಲಿಲ್ಲವೆಂದು ಅವಳು ಗೊಣಗುತ್ತಿದ್ದಳು.

ಬೀರು ಹೋಗಲಿ, ಅವಳ ಅಡ್ಡಿಯಿರಲಿಲ್ಲ. ಒಂದು ಫೋಟೋವನ್ನು ಮಾತ್ರ ಬೆಳಿಗ್ಗೆಯೇ ತೆಗೆದಿಟ್ಟಿದ್ದಳು. ಅದು ಅವಳದ್ದು. ಮದುವೆಗೆ ಮುಂಚೆ ಥಿಯೇಟರಿನ ಹಿಂಬಾಗಿಲಲ್ಲಿ ನೂಕುನುಗ್ಗಲಿನ ನಡುವೆ ನಿಂತು ಪಡೆದದ್ದು. ತೆರೆಯ ಮೇಲೆ ನಾಯಕನ ಕೆನ್ನೆಗೆ ಬಾರಿಸಿ ಹೆಸರು ಮಾಡಿದ್ದ ನಟಿ, ಬರೆಯಲು ಮೇಜು ಕಾಣದೆ, "ಬೆನ್ನು ಕೊಡು ಮರಿ" ಎಂದು ಅವಳನ್ನೇ ಬಗ್ಗಿಸಿ, ಫೋಟೋವನ್ನು ಬೆನ್ನ ಮೇಲಿಟ್ಟು ಸಹಿ ಹಾಕಿದ್ದಳು. ಕಚಗುಳಿಯಾಗಿ ಹುಡುಗಿ ನಕ್ಕಳು, ಕೊನೆಯ ಅಕ್ಷರ ಜಾರಿತು, ನಟಿಯೂ ನಕ್ಕಳು.

ಮದುವೆಯಾದ ಮೇಲೆ ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸಹಿ ಕೆಟ್ಟಿದೆಯೆಂದು ಬೀರುವಿನ ಕೆಳಗಿನ ಖಾನೆಗೆ ಸೇರಿಸಿದ. ಅಂದಿನಿಂದ ತನ್ನದನ್ನು ನೋಡಲೂ ಅವಳಿಗೆ ಅವನ ಅಪ್ಪಣೆ ಬೇಕಾಯಿತು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಫೋಟೋ ಗೋಡೆಗೇರಿತು. ಎದುರಿಗೇ ಕಿಟಕಿ. ಇದನ್ನೂ ಉಳಿದವುಗಳ ಜೊತೆ ಕಳಿಸಿಬಿಡಿ, ಜೋಪಾನವಾಗಿಡುತ್ತೇನೆ ಎಂದು ಮೈದುನ ಪರಿಪರಿಯಾಗಿ ಕೇಳಿಕೊಂಡ.

"ಅಣ್ಣ ಇದ್ದಿದ್ರೆ ಎದೆ ಒಡ್ಕೊಳ್ತಿದ್ದ, ಅತ್ತಿಗೆ. ನೋಡ್ತಾ ಇರಿ, ಬಿಸಿಲು ಆ ಸಹೀನ ತಿಂದುಹಾಕುತ್ತೆ."

"ತಿನ್ಲಿ. ನನ್ನ ಕಣ್ಣೆದುರಿಗೇ ತಿನ್ಲಿ. ಕತ್ತಲಲ್ಲಿಟ್ಟು ಯಾರಿಗೋಸ್ಕರ ಉಳಿಸ್ಬೇಕಿತ್ತು?"

ಕಡೇಪಕ್ಷ ಕಿಟಕಿಯ ಪರದೆಯನ್ನಾದರೂ ಎಳೆದಿಡಿ ಎಂದ. ಅವಳು ಸ್ಟೂಲು ಹತ್ತಿ ಪರದೆಯನ್ನೇ ಬಿಚ್ಚಿ, ಮಡಿಸಿ, ಅವನ ಕೈಗಿತ್ತಳು.

"ತಗೋ. ದಾರೀಲಿ ನಿನ್ನ ಬೀರುಗೆ ಬಿಸಿಲು ತಾಗೀತು, ಹೊದಿಸ್ಕೊ."

ಅವನು ಪರದೆಯನ್ನು ಎದೆಗೊತ್ತಿಕೊಂಡು ಹೊರಟ. ಬೀರು ಹೇರಿದ ಗಾಡಿಯ ಸದ್ದು ಬೀದಿಯ ತುದಿಯಲ್ಲಿ ಕರಗಿತು. ಅವಳು ಫೋಟೋದ ಮುಂದೆ ನಿಂತು ಜಾರಿದ ಅಕ್ಷರವನ್ನು ಮನಸಾರೆ ನೋಡಿದಳು. ಬೋಳು ಕಿಟಕಿಯ ಬಿಸಿಲಿಗೆ ಬೆನ್ನು ಬೆಚ್ಚಗಾಯಿತು. ತನ್ನ ನೆರಳು ಫೋಟೋದ ಮೇಲೆ ಬೀಳುತ್ತಿರುವುದು ಕಂಡು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು.